ಗಿಣಿಗೂಟದ ಮನೆಗಳು

ಗಿಣಿಗೂಟ ಎಂದರೇನೆಂದು ಈಗ ಬೀದರ ಸೀಮೆಯ ಭಾತಂಬ್ರಾದ ಮಕ್ಕಳಿಗೂ ಬಿಡಿಸಿ ಹೇಳಬೇಕು. ಗೋಡೆಯಿಂದ ಮುಂದಕ್ಕೆ ಚಾಚಿದ, ಗಿಣಿಯ ಆಕಾರದ ಮರದ ಗೂಟ ಅದು. ನಮ್ಮ ಪಡಸಾಲೆಯಲ್ಲಿ ಒಂದಕ್ಕೆ ಅಜ್ಜನ ರುಮಾಲು, ಪಕ್ಕದ್ದಕ್ಕೆ ಕಂದೀಲು, ಒಳಕೋಣೆಯದಕ್ಕೆ ಆಯಿಯ ಬಟ್ಟೆಯ ಚೀಲ. ಮನೆಯ ಅಂದ ಹೆಚ್ಚಿಸುತ್ತಲೇ ದಿನವೆಲ್ಲ ಭಾರ ಹೊರುವ ಗಿಣಿ.

ಸಾಗವಾನಿಯ ಒಂದೇ ತುಂಡಿನಲ್ಲಿ ಅದನ್ನು ತೆಗೆಯುತ್ತಿದ್ದರು. ಮುಂದೆ ಎದೆ, ಬಾಗಿದ ಕತ್ತು, ಕೊಕ್ಕು. ಹಿಂದೆ ಮೊಳದುದ್ದದ ಬಾಲ. ಬಡಿಗೇರರ ಕೈಚಳಕವೆಲ್ಲ ಆ ಕತ್ತಿನಲ್ಲಿತ್ತು. ಬಾಗು ಸಾಲದಿದ್ದರೆ ರುಮಾಲು ಜಾರುತ್ತದೆ; ಅತಿಯಾದರೆ ಮರದ ಎಳೆ ಅಡ್ಡ ಬಿದ್ದು ಕತ್ತೇ ಮುರಿಯುತ್ತದೆ. ಕಲ್ಲುಮಣ್ಣಿನ ದಪ್ಪ ಗೋಡೆ ಏಳುತ್ತಿರುವಾಗಲೇ ಗೌಂಡಿ ಅದನ್ನು ಕೂಡಿಸಬೇಕು, ಬಾಲದ ಮೇಲೆ ಗೋಡೆಯ ಭಾರ ಕೂರಬೇಕು. ಆಮೇಲೆ ಬಡಿದ ಗೂಟ ವರ್ಷವೊಪ್ಪತ್ತಿನಲ್ಲಿ ಅಲುಗಾಡುತ್ತಿತ್ತು.

ಬೀದರ ಸೀಮೆಯ ಮರಗೆಲಸವೆಂದರೆ ಎಲ್ಲರೂ ಕೋಟೆಯೊಳಗಿನ ರಂಗೀನ್ ಮಹಲಿನ ಕೆತ್ತನೆಯ ಕಂಬಗಳನ್ನು ತೋರಿಸುತ್ತಾರೆ. 16ನೇ ಶತಮಾನದಲ್ಲಿ ಬೀದರವನ್ನು ಆಳುತ್ತಿದ್ದ ಅಲಿ ಬರೀದ್ ಶಾಹ ಆ ಮಹಲನ್ನು ಹೊಸದಾಗಿ ಕಟ್ಟಿಸಿದ. ಕಂಬಗಳು ಚೆಲುವಾಗಿವೆ, ನಿಜ. ಆದರೆ ನೇಗಿಲು, ಕುಂಟೆ ಮಾಡಿಕೊಟ್ಟು ಸುಗ್ಗಿಯಲ್ಲಿ ಜೋಳದ ಆಯ ಪಡೆಯುತ್ತಿದ್ದ ಊರ ಬಡಿಗೇರರು ಒಕ್ಕಲಿಗನ ಗೋಡೆಗೂ ಒಂದು ಹಕ್ಕಿ ಕೊಟ್ಟರಲ್ಲ, ನನ್ನ ಮನಸ್ಸು ಅಲ್ಲೇ ನಿಲ್ಲುತ್ತದೆ.

ಬಣ್ಣದ ಹಕ್ಕಿಗಳ ಊರುಗಳು ಬೇರೆ. ಕೊಪ್ಪಳದ ಕಿನ್ನಾಳ, ತೆಲಂಗಾಣದ ನಿರ್ಮಲ್. 1956ರ ನವೆಂಬರ್ 1ರವರೆಗೆ ಅವೂ ನಮ್ಮಂತೆ ಹೈದರಾಬಾದ್ ರಾಜ್ಯದವೇ. ಕಿನ್ನಾಳದ ಚಿತ್ರಗಾರರು ಹಗುರಾದ ಪೊಲ್ಕಿ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಿಂದ ತುಂಡುಗಳನ್ನು ಬೆಸೆದು ಬಣ್ಣ ಹಚ್ಚುತ್ತಾರೆ. ಅವರ ಗೊಂಬೆಗೆ ಪೇಟೆಯಿತ್ತು, 2012ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಗಿಣಿಗೂಟ ಸಂತೆಗೆ ಹೋಗುವ ಸರಕಾಗಿರಲಿಲ್ಲ. ಮನೆ ಕಟ್ಟುವವರು ಇದ್ದರೆ ಅದು, ಇಲ್ಲದಿದ್ದರೆ ಇಲ್ಲ.

ಇಟ್ಟಿಗೆ, ಸಿಮೆಂಟು ಬಂದಾಗಲೇ ಗೋಡೆ ತೆಳುವಾಗತೊಡಗಿತ್ತು. ಮೊಳದುದ್ದದ ಬಾಲಕ್ಕೆ ಅಲ್ಲಿ ಜಾಗವೆಲ್ಲಿ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನಡುಗಿತು. ಮಲಗಿದ್ದವರ ಮೇಲೆ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಕುಸಿದು ಸಾವಿರಾರು ಜನ ಸತ್ತರು. ಅಂಥದೇ ಮನೆಗಳಲ್ಲಿದ್ದ ನಮಗೆ ತಲೆಯ ಮೇಲಿನ ಮಾಳಿಗೆ ನೋಡಿದರೂ ಎದೆ ಝಲ್ಲೆನ್ನುತ್ತಿತ್ತು. ಆ ಮನೆಗಳನ್ನು ಬಿಟ್ಟವರನ್ನು ನಾನು ದೂರಲಾರೆ.

ಹಳೆ ಮನೆ ಕೆಡವುವಾಗ ತೊಲೆ, ಕಂಬ, ಚೌಕಟ್ಟಿಗೆ ಗಿರಾಕಿಗಳು ಬರುತ್ತಾರೆ. ಗಿಣಿಗೂಟ ಮಣ್ಣಿನ ಸಂಗಡ ಟ್ರ್ಯಾಕ್ಟರ್ ಏರುತ್ತದೆ. ಕೆಡವುವವರಲ್ಲಿ ನನ್ನದೊಂದು ಕೋರಿಕೆ: ಗುದ್ದಲಿ ಹಾಕುವ ಮುಂಚೆ ಅದರ ಸುತ್ತಲಿನ ಕಲ್ಲು ಸಡಿಲಿಸಿ ಹೊರತೆಗೆಯಿರಿ, ಹಿಡಿದು ಎಳೆದರೆ ಕತ್ತು ಹೋಗುತ್ತದೆ. ಹೊಸ ಮನೆಯಲ್ಲಿ ಹಲಗೆಗೆ ಕೂಡಿಸಿದರೂ ಆದೀತು. ಬಾಲ ಮಾತ್ರ ಕೊಯ್ಯಬೇಡಿ, ಗೋಡೆ ಎಷ್ಟು ದಪ್ಪವಿತ್ತೆಂದು ಹೇಳುವುದು ಅದೊಂದೇ.