ನಾಲ್ಕರಲ್ಲೊಂದು ಮುನಿಸಿಕೊಂಡಾಗ

ಹಳೆಯ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಓಡಾಡಿದವರಿಗೆ ‘ಗಾಡಿ ಮಿಸ್ಸಿಂಗ್ ಹೊಡೀತಿದೆ’ ಎಂಬ ಮಾತು ಹೊಸದಲ್ಲ. ಏರು ಹತ್ತುವಾಗ ಎಂಜಿನ್ ತಡವರಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಇಡೀ ಗಾಡಿ ನಡುಗುತ್ತದೆ. ಸೈಲೆನ್ಸರಿನಿಂದ ಆಗೊಮ್ಮೆ ಈಗೊಮ್ಮೆ ‘ಟಪ್’ ಎಂಬ ಸದ್ದು, ಜೊತೆಗೆ ಹಸಿ ಪೆಟ್ರೋಲಿನ ವಾಸನೆ. ನಾಲ್ಕು ಸಿಲಿಂಡರುಗಳಲ್ಲಿ ಒಂದು ಮುನಿಸಿಕೊಂಡು ಕೂತಿದೆ, ಉಳಿದ ಮೂರು ಅದರ ಭಾರವನ್ನೂ ಹೊತ್ತು ಏದುಸಿರು ಬಿಡುತ್ತಿವೆ ಎಂದು ಇದರ ಅರ್ಥ.

ಈ ಕಾಯಿಲೆಗೆ ಮೋಟಾರು ಕಾರಿನಷ್ಟೇ ವಯಸ್ಸಾಗಿದೆ. ಅದನ್ನು ಗುಣಪಡಿಸಲು ಹೊರಟವನ ಮುಂದೆ ಯಾವಾಗಲೂ ಎರಡು ಪ್ರಶ್ನೆಗಳಿರುತ್ತವೆ. ಕೈಕೊಟ್ಟ ಸಿಲಿಂಡರ್ ಯಾವುದು? ಅದು ಕೈಕೊಟ್ಟಿದ್ದು ಏಕೆ? ಮೊದಲ ಪ್ರಶ್ನೆಗೆ ಉತ್ತರ ಕಾಲದಿಂದ ಕಾಲಕ್ಕೆ ಸುಲಭವಾಗುತ್ತ ಬಂದಿದೆ. ಎರಡನೆಯದು ಮಾತ್ರ ಇಂದಿಗೂ ಮನುಷ್ಯನ ಬುದ್ಧಿಯನ್ನೇ ಬೇಡುತ್ತದೆ.

ಜರ್ಮನಿಯ ನಿಕೊಲಸ್ ಆಟೊ 1876ರಲ್ಲಿ ರೂಪಿಸಿದ ನಾಲ್ಕು ಹೊಡೆತಗಳ ಎಂಜಿನ್ನಿನ ತತ್ವವೇ ಪೆಟ್ರೋಲ್ ಕಾರುಗಳಲ್ಲಿ ಈಗಲೂ ನಡೆದುಬಂದಿದೆ. ಪೆಟ್ರೋಲ್ ಬೆರೆತ ಗಾಳಿಯನ್ನು ಒಳಗೆಳೆದುಕೊಳ್ಳುವುದು, ಅದನ್ನು ಒತ್ತುವುದು, ಕಿಡಿ ಹಚ್ಚಿ ಉರಿಸುವುದು, ಸುಟ್ಟ ಹೊಗೆಯನ್ನು ಹೊರದಬ್ಬುವುದು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರುಗಳಿಗೆ ಸೇರಿ ಸೆಕೆಂಡಿಗೆ 100 ಕಿಡಿಗಳು ಬೇಕು. ಪ್ರತಿಯೊಂದೂ ಸರಿಯಾದ ಸಿಲಿಂಡರಿನಲ್ಲಿ, ಸರಿಯಾದ ಕ್ಷಣದಲ್ಲಿ ಹೊತ್ತಬೇಕು. ಒತ್ತಡ, ಇಂಧನ, ಕಿಡಿ ಈ ಮೂರರಲ್ಲಿ ಯಾವುದು ತಪ್ಪಿದರೂ ಆ ಸಿಲಿಂಡರ್ ಸುಮ್ಮನಾಗುತ್ತದೆ.

ಆರಂಭದ ದಿನಗಳಲ್ಲಿ ಕಿಡಿಯೇ ದೊಡ್ಡ ತಲೆನೋವಾಗಿತ್ತು. 1885ರ ಸುಮಾರಿಗೆ ಗಾಟ್ಲೀಬ್ ಡೈಮ್ಲರ್ ತನ್ನ ಎಂಜಿನ್ನಿನಲ್ಲಿ ಕಿಡಿಯ ಗೊಡವೆಯೇ ಬೇಡವೆಂದು ಕಾಯಿಸಿದ ಕೊಳವೆಯೊಂದನ್ನು ಬಳಸಿದ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ತನ್ನ ಮೂರು ಗಾಲಿಯ ಗಾಡಿಗೆ ಬ್ಯಾಟರಿಯ ಕಿಡಿಯನ್ನೇ ನೆಚ್ಚಿಕೊಂಡ. 1888ರಲ್ಲಿ ಅವನ ಪತ್ನಿ ಬರ್ತಾ ಬೆಂಜ್ ಇಬ್ಬರು ಮಕ್ಕಳೊಡನೆ ಮ್ಯಾನ್‌ಹೈಮಿನಿಂದ ಫೋರ್ಜ್‌ಹೈಮಿಗೆ, ಸುಮಾರು 100 ಕಿಲೋಮೀಟರ್ ದೂರ, ಆ ಗಾಡಿಯನ್ನು ಓಡಿಸಿಕೊಂಡು ಹೋದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ಕಿಡಿಯ ತಂತಿ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿ ಕಾಪಾಡಿದಳು ಎಂದು ಆ ಪ್ರಯಾಣದ ಕಥೆ ಹೇಳುತ್ತದೆ. ಒಂದು ಇಂಧನದ ದೋಷ, ಇನ್ನೊಂದು ಕಿಡಿಯ ದೋಷ. ಮುಂದೆ ಬಂದ ಮೆಕ್ಯಾನಿಕ್ಕುಗಳೆಲ್ಲ ಮೊದಲು ಅನುಮಾನಿಸಿದ್ದು ಇವೆರಡನ್ನೇ.

1902ರಲ್ಲಿ ರಾಬರ್ಟ್ ಬಾಷ್ ಅವರ ಕಾರ್ಖಾನೆಯ ಎಂಜಿನಿಯರ್ ಗಾಟ್ಲೋಬ್ ಹೊನೊಲ್ಡ್, ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನು ಸಿದ್ಧಪಡಿಸಿದ. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಮತ್ತು ಕಾಯಿಲ್ ಪದ್ಧತಿ 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಮುಂದಿನ ಆರು ದಶಕ ಜಗತ್ತಿನ ಬಹುತೇಕ ಪೆಟ್ರೋಲ್ ಕಾರುಗಳು ಓಡಿದ್ದು ಈ ಕೆಟರಿಂಗ್ ಪದ್ಧತಿಯ ಮೇಲೆಯೇ. ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರಿನಲ್ಲೂ ಬೊಂಬಾಯಿಯ ಕುರ್ಲಾದಲ್ಲಿ ತಯಾರಾದ ಪದ್ಮಿನಿಯಲ್ಲೂ ಇದ್ದದ್ದು ಅದೇ. ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. 1951ರಲ್ಲಿ ಸ್ಥಾಪನೆಯಾದ, ಬಾಷ್ ಸಹಯೋಗದ ಮೈಕೊ ಕಂಪನಿಯ ಆಡುಗೋಡಿ ಕಾರ್ಖಾನೆಯಿಂದ ಹೊರಟ ಸ್ಪಾರ್ಕ್ ಪ್ಲಗ್ಗುಗಳು ದೇಶದ ಮೂಲೆಮೂಲೆಯ ಬಿಡಿಭಾಗಗಳ ಅಂಗಡಿಗಳನ್ನು ತಲುಪಿದವು. 2008ರಲ್ಲಿ ಆ ಕಂಪನಿಯ ಹೆಸರೇ ಬಾಷ್ ಲಿಮಿಟೆಡ್ ಎಂದಾಯಿತು.

ಕೆಟರಿಂಗ್ ಪದ್ಧತಿ ಕೆಲಸ ಮಾಡುವುದು ಹೀಗೆ. ಬ್ಯಾಟರಿಯ 12 ವೋಲ್ಟ್ ವಿದ್ಯುತ್ತು ಕಾಯಿಲ್ ಮೂಲಕ ಹರಿಯುತ್ತಿರುತ್ತದೆ. ‘ಪಾಯಿಂಟ್’ ಎಂದು ಕರೆಯುವ ಪುಟ್ಟ ಬಾಗಿಲು ಎಂಜಿನ್ ತಿರುಗಿದಂತೆ ತೆರೆದು ಮುಚ್ಚುತ್ತದೆ. ಅದು ತೆರೆದ ಕ್ಷಣ ಹರಿವು ಕಡಿದು, ಕಾಯಿಲ್‌ನ ಇನ್ನೊಂದು ಸುರುಳಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ಸುತ್ತುವ ರೋಟರ್ ಅದನ್ನು ಸರದಿಯ ಮೇಲೆ ಒಂದೊಂದು ಪ್ಲಗ್ಗಿಗೆ ಹಂಚುತ್ತದೆ. ಪಾಯಿಂಟ್ ತೆರೆಯುವಾಗ ಅಲ್ಲಿಯೇ ಕಿಡಿ ಹಾರಿ ಸುಟ್ಟುಹೋಗದಂತೆ ಕಂಡೆನ್ಸರ್ ತಡೆಯುತ್ತದೆ. ಅಂಬಾಸಿಡರಿನಲ್ಲಿ ಈ ಸರದಿ 1-3-4-2. ಪಾಯಿಂಟ್ ತೆರೆಯುವ ಅಂತರ ಕೇವಲ 0.4 ಮಿಲಿಮೀಟರ್, ಪ್ಲಗ್ಗಿನ ಅಂತರ ಸುಮಾರು 0.6 ಮಿಲಿಮೀಟರ್. ಇಷ್ಟು ಕಿರಿದಾದ ಜಾಗದಲ್ಲಿ ಮಸಿ, ಎಣ್ಣೆ ಅಥವಾ ಸವೆತ ಸೇರಿದರೆ ಸಾಕು, ಎಂಜಿನ್ ಮುಗ್ಗರಿಸುತ್ತದೆ.

ಇಂಥ ಎಂಜಿನ್ನಿನ ಮುಂದೆ ನಿಂತ ಮೇಸ್ತ್ರಿಯ ವಿಧಾನ ಸರಳವಾಗಿತ್ತು. ಎಂಜಿನ್ ನಡೆಯುತ್ತಿರುವಾಗಲೇ ಅವನು ಒಂದೊಂದು ಪ್ಲಗ್ಗಿನ ಕೆಲಸವನ್ನು ನಿಲ್ಲಿಸುತ್ತ ಹೋಗುತ್ತಿದ್ದ. ನಿಲ್ಲಿಸಿದೊಡನೆ ಎಂಜಿನ್ ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತೆಂದು ಅರ್ಥ. ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಸಿಕ್ಕಿಬಿದ್ದಂತೆ. ಆಮೇಲೆ ಆ ಪ್ಲಗ್ಗನ್ನು ಬಿಚ್ಚಿ ಪಕ್ಕದ ಸಿಲಿಂಡರಿಗೆ ಹಾಕುತ್ತಿದ್ದ. ದೋಷವೂ ಪ್ಲಗ್ಗಿನ ಜೊತೆ ಪಕ್ಕಕ್ಕೆ ಹೋದರೆ ಪ್ಲಗ್ಗೇ ಕೆಟ್ಟಿದೆ. ಇದ್ದಲ್ಲೇ ಇದ್ದರೆ ತಂತಿ, ಡಿಸ್ಟ್ರಿಬ್ಯೂಟರ್ ಕ್ಯಾಪ್, ಕೊನೆಗೆ ಎಂಜಿನ್ನಿನ ಒಳಭಾಗ. ನಾಲ್ಕೂ ಸಿಲಿಂಡರುಗಳು ಒಟ್ಟಾಗಿ ತಡವರಿಸಿದರೆ ಅನುಮಾನ ಎಲ್ಲಕ್ಕೂ ಸಾಮಾನ್ಯವಾದ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಅಥವಾ ಕಾರ್ಬುರೇಟರ್ ಮೇಲೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸತ್ತಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ಫಲ ನೋಡುವುದು ಪ್ರಯೋಗಶಾಲೆಯ ನಿಯಮ. ಪಾಠ ಓದದ ಎಷ್ಟೋ ಮೇಸ್ತ್ರಿಗಳು ಅದನ್ನು ಕೈಯಿಂದಲೇ ಕಲಿತಿದ್ದರು.

ಬಿಚ್ಚಿದ ಪ್ಲಗ್ಗೂ ಮಾತಾಡುತ್ತಿತ್ತು. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಆರೋಗ್ಯ. ಒಣ ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆ ಜಿಡ್ಡಾಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವಿನ ದಾರಿ ಸವೆದಿದೆ, ಬೆಳ್ಳಗೆ ಬೆಂದಿದ್ದರೆ ಪೆಟ್ರೋಲ್ ಕಡಿಮೆ, ಎಲ್ಲೋ ಗಾಳಿ ಸೋರುತ್ತಿದೆ. ಮಳೆಗಾಲದಲ್ಲಿ ಮಾತ್ರ ಬರುವ ಮಿಸ್ಸಿಂಗಿಗೆ ಕ್ಯಾಪಿನ ಬಿರುಕು ಅಥವಾ ತೇವ ಕಾರಣವಾಗುತ್ತಿತ್ತು. ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿದರೆ ಹಳೆಯ ತಂತಿಗಳಿಂದ ನೀಲಿ ಕಿಡಿ ಸೋರುವುದು ಕಣ್ಣಿಗೇ ಕಾಣುತ್ತಿತ್ತು. ಪ್ಲಗ್ಗಿನ ತೂತಿಗೆ ಹೆಬ್ಬೆರಳಿಟ್ಟು, ಇನ್ನೊಬ್ಬರಿಂದ ಹ್ಯಾಂಡಲ್ ತಿರುಗಿಸಿ ಒತ್ತಡವನ್ನು ಅಳೆಯುವುದೂ ಇತ್ತು. ಗಾಳಿ ಬೆರಳನ್ನು ತಳ್ಳದಿದ್ದರೆ ವಾಲ್ವ್ ಸುಟ್ಟಿದೆ, ಇನ್ನು ಪ್ಲಗ್ ಬದಲಿಸಿ ಪ್ರಯೋಜನವಿಲ್ಲ.

1970ರ ದಶಕದಿಂದ ಪಾಯಿಂಟಿನ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು. ಕ್ರಮೇಣ ಕಾರ್ಬುರೇಟರ್ ಹೋಗಿ ಕಂಪ್ಯೂಟರ್ ಬಂತು. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಲ್ಲಿ ತಮ್ಮ ದೋಷವನ್ನು ತಾವೇ ಗುರುತಿಸುವ ವ್ಯವಸ್ಥೆ ಕಡ್ಡಾಯವಾಯಿತು. ಇಂಥ ಕಾರಿನಲ್ಲಿ ಪಿ0303 ಎಂಬ ಸಂಕೇತ ಬಂದರೆ ಮೂರನೆಯ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದರ್ಥ. ಕಂಪ್ಯೂಟರ್ ಇದನ್ನು ತಿಳಿಯುವ ಬಗೆ ಸ್ವಾರಸ್ಯವಾಗಿದೆ. ಉರಿಯದ ಸಿಲಿಂಡರಿನ ಸರದಿ ಬಂದಾಗ ಕ್ರ್ಯಾಂಕ್‌ಶಾಫ್ಟಿನ ವೇಗ ಎಳ್ಳಷ್ಟು ಕುಸಿಯುತ್ತದೆ, ಸೆನ್ಸರ್ ಅದನ್ನು ಹಿಡಿಯುತ್ತದೆ. ಮೇಸ್ತ್ರಿಯ ಕಿವಿ ಹಿಡಿಯುತ್ತಿದ್ದುದೂ ಅದೇ ಕುಸಿತವನ್ನು. ಆದರೆ ಮೂರನೆಯದು ಏಕೆ ಸುಮ್ಮನಾಯಿತು, ಕಾಯಿಲ್ ಸತ್ತಿದೆಯೋ, ಇಂಜೆಕ್ಟರ್ ಕಟ್ಟಿದೆಯೋ, ವಾಲ್ವ್ ಸುಟ್ಟಿದೆಯೋ ಎಂಬುದನ್ನು ಆ ಸಂಕೇತ ಹೇಳುವುದಿಲ್ಲ. ಅಲ್ಲಿಂದ ಮುಂದೆ ಹಳೆಯ ಅದಲುಬದಲಿನ ಪರೀಕ್ಷೆಯೇ ಗತಿ. ಆದರೆ ಒಂದು ಎಚ್ಚರ ಅಗತ್ಯ. ಹೊಸ ಇಗ್ನಿಷನ್ನಿನ ವೋಲ್ಟೇಜು ಹಳೆಯದಕ್ಕಿಂತ ಬಹಳ ಹೆಚ್ಚು. ನಡೆಯುತ್ತಿರುವ ಎಂಜಿನ್ನಿನಲ್ಲಿ ತಂತಿ ಎಳೆಯುವ ಹಳೆಯ ಅಭ್ಯಾಸ ಅಲ್ಲಿ ಜೀವಕ್ಕೂ ಯಂತ್ರಕ್ಕೂ ಅಪಾಯ.

ಹಳೆಯ ಕಾರುಗಳಿಗಾದರೋ ಹೊಸ ಕಾರಣಗಳು ಸೇರಿಕೊಂಡಿವೆ. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಗಾಳಿಗೆ ಅದು ದೊಡ್ಡ ಉಪಕಾರ. ಆದರೆ ಹಳೆಯ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ವಾಲ್ವ್ ಕೂರುವ ಜಾಗಕ್ಕೆ ಸೀಸದ ಲೇಪವೇ ರಕ್ಷೆಯಾಗಿತ್ತು. ಅದಿಲ್ಲದೆ ಬಹಳ ದುಡಿದ ಎಂಜಿನ್ನಿನಲ್ಲಿ ಆ ಜಾಗ ಸವೆದು, ವಾಲ್ವ್ ಸರಿಯಾಗಿ ಮುಚ್ಚದೆ ಒತ್ತಡ ಸೋರುತ್ತದೆ. 2023ರಿಂದ ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ ಬಂತು. ಎಥೆನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸಬಹುದು. ಹಳೆಯ ಅಳತೆಗೆ ಹೊಂದಿಸಿದ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗಿಸುತ್ತದೆ. ಹೀಗಾಗಿ ಇಂದು ಹಳೆಯ ಕಾರೊಂದು ಮಿಸ್ ಹೊಡೆದರೆ ಪ್ಲಗ್, ಪಾಯಿಂಟ್ ನೋಡಿದ ಮೇಲೆ ಕೊಳವೆ, ಟ್ಯಾಂಕ್, ಟ್ಯಾಪೆಟ್ ಅಂತರವನ್ನೂ ನೋಡಬೇಕಾಗುತ್ತದೆ.

ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದವು. ಉಳಿದಿರುವ ಕಾರುಗಳಿಗೆ ಬಿಡಿಭಾಗ ಹುಡುಕಿದರೆ ಸಿಗಬಹುದು, ಕಿವಿಗೊಟ್ಟು ಕೇಳುವ ಮೇಸ್ತ್ರಿ ಸಿಗುವುದು ಕಷ್ಟ. ಮಿಸ್ಸಿಂಗನ್ನು ‘ಹೇಗೋ ಓಡುತ್ತದಲ್ಲ’ ಎಂದು ಬಿಟ್ಟರೆ ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಎಂಜಿನ್ನನ್ನೇ ಸವೆಸುತ್ತದೆ. ಹೊಸ ಕಾರಾದರೆ ದುಬಾರಿ ಕೆಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಕಾರಣ ತಿಳಿಯದೆ ಒಂದರ ಮೇಲೊಂದು ಭಾಗ ಬದಲಿಸಿದರೂ ನಷ್ಟವೇ. ಮೊದಲು ಯಾವ ಸಿಲಿಂಡರ್ ಎಂದು ಕೇಳಿ, ಆಮೇಲೆ ಏಕೆ ಎಂದು ಕೇಳಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ತಾಳ್ಮೆಯಿದ್ದರೆ ಅರವತ್ತು ವರ್ಷದ ಎಂಜಿನ್ನೂ ಮತ್ತೆ ನಾಲ್ಕು ಕಾಲಲ್ಲಿ ಓಡುತ್ತದೆ.