ಟೋಕಿಯೋ ನಗರದ ಪರದೇಶಿ ಕಥೆಗಾರ

ಜಪಾನಿನಲ್ಲಿ ಬೇಸಗೆಯ ಇರುಳು ದೆವ್ವದ ಕಥೆಗಳಿಗೆ ಮೀಸಲಾದ ಕಾಲ. ಜಿನುಗುಮಳೆಯ ದಿನಗಳು ಕಳೆದು, ಗಾಳಿಯಾಡದ ಸೆಕೆ ಊರನ್ನೆಲ್ಲ ಹಬೆಯಲ್ಲಿಟ್ಟಂತೆ ಬೇಯಿಸುವಾಗ, ಭಯದಿಂದ ಮೈ ಜುಮ್ಮೆಂದರೆ ಅಷ್ಟಾದರೂ ತಂಪಾದೀತೆಂಬುದು ಅಲ್ಲಿಯವರ ವಿನೋದದ ನಂಬಿಕೆ. ಪಿತೃಗಳು ಮನೆಗೆ ಬಂದುಹೋಗುವ ಬೋನ್ ಹಬ್ಬವೂ ಅದೇ ಋತುವಿನಲ್ಲಿ ಬರುವುದರಿಂದ ಸತ್ತವರ ಮಾತು ಆಗ ಯಾರಿಗೂ ಅಸಂಗತವಾಗಿ ತೋರುವುದಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಟೋಕಿಯೋವಿನ ಜನಕ್ಕೆ ಇಂಥ ಇರುಳುಗಳಲ್ಲಿ ಪ್ರಿಯವಾಗಿದ್ದ ಎಡೆಗಳು ಎರಡು. ಒಂದು ಸುಮಿದಾ ನದಿ. ರ್ಯೋಗೊಕು ಸೇತುವೆಯ ಬಳಿ ಲಾಂದ್ರ ಕಟ್ಟಿದ ದೋಣಿಗಳು ಒಂದಕ್ಕೊಂದು ತಾಗುವಂತೆ ನೆರೆದು, ಮೇಲೆ ಬಾಣಬಿರುಸು ಸಿಡಿದಾಗ ದಡವೆಲ್ಲ ಒಂದೇ ಕಂಠದಿಂದ ಕೂಗುತ್ತಿತ್ತು. ಇನ್ನೊಂದು, ಯೋಸೆ ಎಂಬ ಕಥಾಶಾಲೆ.

ಯೋಸೆಯೆಂದರೆ ದೊಡ್ಡ ನಾಟಕಶಾಲೆಯಲ್ಲ. ಬಾಗಿಲಲ್ಲಿ ಪಾದರಕ್ಷೆಗಳನ್ನು ಒಪ್ಪಿಸಿ, ಕೆಲವು ಸೆನ್ ನಾಣ್ಯ ಕೊಟ್ಟು ಒಳಹೊಕ್ಕರೆ ಚಾಪೆ ಹಾಸಿದ ನೆಲ. ಚಹ, ಹೊಗೆಸೊಪ್ಪಿನ ತಟ್ಟೆ. ಬಡಗಿಗಳು, ಗುಮಾಸ್ತರು, ಅಂಗಡಿಯ ಹುಡುಗರು ಮಂಡಿಗೆ ಮಂಡಿ ತಾಗಿಸಿಕೊಂಡು ಕುಳಿತಿರುವ ನೋಟ. ಎದುರಿನ ಜಗಲಿಯ ಮೇಲೆ ಒಂದು ಮೆತ್ತೆ. ಕಥೆಗಾರನ ಸಲಕರಣೆಗಳು ಒಂದು ಬೀಸಣಿಗೆ, ಒಂದು ಕೈವಸ್ತ್ರ, ಇಷ್ಟೇ. ಆ ಬೀಸಣಿಗೆಯೇ ಕತ್ತಿ, ಅದೇ ಲೇಖನಿ, ಅದೇ ಚುಟ್ಟದ ಕೊಳವೆ. ಕತ್ತನ್ನು ಒಂದು ಕಡೆಗೆ ತಿರುಗಿಸಿದರೆ ಯಜಮಾನ, ಇನ್ನೊಂದು ಕಡೆಗೆ ತಿರುಗಿಸಿದರೆ ಆಳು. ಕನ್ನಡನಾಡಿನ ಹರಿಕಥೆಯ ದಾಸರು ನಿಂತು, ಹಾಡಿ, ಗೆಜ್ಜೆ ಕುಣಿಸಿ ಸಾಧಿಸುವುದನ್ನು ಈತನು ಮಂಡಿಯೂರಿ ಕುಳಿತಲ್ಲಿಂದಲೇ, ಬರಿಯ ಮಾತಿನಿಂದ ಸಾಧಿಸಬೇಕು. ಹೆಸರಾದ ಕಥೆಗಾರರು ಒಂದೇ ರಾತ್ರಿ ಹಲವು ಯೋಸೆಗಳಲ್ಲಿ ಹೇಳಬೇಕಾಗಿದ್ದುದರಿಂದ ಒಂದೆಡೆ ಮುಗಿಸಿ ರಿಕ್ಷಾ ಹತ್ತಿ ಮತ್ತೊಂದೆಡೆಗೆ ಓಡುತ್ತಿದ್ದರು. ದೀರ್ಘ ಕಥೆಯಾದರೆ ಅರ್ಧ ತಿಂಗಳು, ದಿನಕ್ಕೊಂದು ಘಟ್ಟದಂತೆ ಸಾಗುತ್ತಿತ್ತು. ಕೇಳುಗನನ್ನು ನಾಳೆಯೂ ಬರುವಂತೆ ಮಾಡುವ ಎಡೆಯಲ್ಲಿ ನಿಲ್ಲಿಸುವುದೇ ಆ ವಿದ್ಯೆಯ ಮರ್ಮ.

1890ರ ಈಚೆಗೆ ಈ ಮೆತ್ತೆಯ ಮೇಲೆ, ಕಿಮೋನೊ ಧರಿಸಿ, ಮಂಡಿಯೂರಿ ಕುಳಿತು, ಟೋಕಿಯೋವಿನ ಅಚ್ಚ ಪೇಟೆಮಾತಿನಲ್ಲಿ ಲಂಡನ್ನಿನ ಕೊಲೆಗಳನ್ನು ವರ್ಣಿಸುತ್ತಿದ್ದ ಒಬ್ಬ ಬಿಳಿಯ ಮನುಷ್ಯನಿದ್ದನು. ಅವನ ರಂಗನಾಮ ಕೈರಾಕುತೇ ಬ್ಲಾಕ್. ಕೈರಾಕುತೇ ಎಂದರೆ ಆನಂದಮಂಟಪ. ತಂದೆತಾಯಿಗಳು ಇಟ್ಟ ಹೆಸರು ಹೆನ್ರಿ ಜೇಮ್ಸ್ ಬ್ಲಾಕ್. ಹುಟ್ಟಿದ್ದು 1858ರಲ್ಲಿ, ಆಸ್ಟ್ರೇಲಿಯದ ಅಡಿಲೇಡಿನಲ್ಲಿ.

ಮಾತನ್ನು ನಂಬಿ ಬಾಳುವ ಸ್ವಭಾವ ಅವನಿಗೆ ತಂದೆಯಿಂದ ಬಂದುದು. ಸ್ಕಾಟ್ಲೆಂಡಿನವನಾದ ಜಾನ್ ರೆಡ್ಡಿ ಬ್ಲಾಕನು ಆಸ್ಟ್ರೇಲಿಯದಲ್ಲಿ ವ್ಯಾಪಾರಮಾಡಿ ನಷ್ಟಹೊಂದಿ, ಹಾಡುಗಾರಿಕೆಯಿಂದ ಹೊಟ್ಟೆ ಹೊರೆಯುತ್ತ ಊರೂರು ಅಲೆದು, ಯೊಕೊಹಾಮಾ ಬಂದರನ್ನು ಸೇರಿದನು. ಅಲ್ಲಿ ಪತ್ರಿಕಾಕರ್ತನಾದನು. ಹೆಂಡತಿಯೂ ಮಗನೂ 1865ರಲ್ಲಿ ಅವನನ್ನು ಬಂದು ಕೂಡಿದರು. ತಂದೆಯು 1872ರಲ್ಲಿ ‘ನಿಶ್ಶಿನ್ ಶಿಂಜಿಶಿ’ ಎಂಬ ವೃತ್ತಪತ್ರವನ್ನು ಜಪಾನೀ ಭಾಷೆಯಲ್ಲಿಯೇ ಹೊರಡಿಸಿದನು. ಪ್ರಜೆಗಳು ಆರಿಸಿದ ಸಭೆಯೊಂದು ಬೇಕೆಂದು ಇತಾಗಾಕಿ ತೈಸುಕೆ ಮೊದಲಾದವರು 1874ರಲ್ಲಿ ಸರ್ಕಾರಕ್ಕೆ ಬರೆದ ಬಿನ್ನವತ್ತಳೆ ಅಚ್ಚಾಗಿ ಜನರ ಕೈಗೆ ಬಿದ್ದದ್ದು ಈ ಪತ್ರಿಕೆಯ ಮೂಲಕ. ಸರ್ಕಾರವು ಇದನ್ನು ಸುಮ್ಮನೆ ನೋಡುತ್ತಿರಲಿಲ್ಲ. ತಂದೆಗೆ ಸಲಹೆಗಾರನ ಉದ್ಯೋಗವೊಂದನ್ನು ಕೊಟ್ಟು ಪತ್ರಿಕೆಯಿಂದ ದೂರಮಾಡಿ, ಪರದೇಶಿಯರು ಜಪಾನೀ ಪತ್ರಿಕೆ ನಡೆಸಕೂಡದೆಂದು 1875ರಲ್ಲಿ ಕಾನೂನು ಮಾಡಿ, ಬಳಿಕ ಆ ಉದ್ಯೋಗವನ್ನೂ ಕಿತ್ತುಕೊಂಡಿತು. ಉಪಾಯವು ಅಷ್ಟೊಂದು ಸೊಗಸಾಗಿತ್ತು. ಆತನು 1880ರಲ್ಲಿ ಯೊಕೊಹಾಮಾದಲ್ಲಿ ತೀರಿಕೊಂಡನು.

ಮಗನು ಆ ವೇಳೆಗೆ ಜನರ ಮುಂದೆ ನಿಂತಾಗಿತ್ತು. ಜನತೆಯ ಹಕ್ಕುಗಳಿಗಾಗಿ ಚಳವಳಿ ನಡೆಯುತ್ತಿದ್ದ ಕಾಲವದು; ಇಪ್ಪತ್ತೊಂದು ವರ್ಷದ ಹೆನ್ರಿ ಬ್ಲಾಕನು ಭಾಷಣಸಭೆಗಳಲ್ಲಿ ಜಪಾನಿಯಲ್ಲಿ ಉಪನ್ಯಾಸಮಾಡುತ್ತಿದ್ದನು. 1880ರಲ್ಲಿ ಹೊರಟ ಸಭಾನಿಬಂಧನೆಯು ಪೊಲೀಸರ ಅಪ್ಪಣೆಯಿಲ್ಲದೆ ರಾಜಕೀಯ ಸಭೆ ಸೇರಕೂಡದೆಂದು ವಿಧಿಸಿತು. ವೇದಿಕೆ ಇಕ್ಕಟ್ಟಾಯಿತು, ಮಾತಿನ ಚಪಲ ಹಾಗೆಯೇ ಉಳಿಯಿತು. ಕಳ್ಳರ ಕಥೆಗಳನ್ನು ಹೇಳಿ ‘ಕಳ್ಳ ಹಾಕುಯೆನ್’ ಎಂದೇ ಹೆಸರಾಗಿದ್ದ ಕಥೆಗಾರ ಷೋರಿನ್ ಹಾಕುಯೆನ್ ಅವನನ್ನು ಯೋಸೆಗೆ ಕರೆದನು. ಬ್ಲಾಕನು ಅಲ್ಲಿ ಮೊದಮೊದಲು ಹೇಳಿದ್ದು ಜೋನ್ ಆಫ್ ಆರ್ಕಳ ಚರಿತ್ರೆ, ತಲೆದಂಡ ತೆತ್ತ ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸನ ಚರಿತ್ರೆ. ಸಭೆಯಲ್ಲಿ ಆಡಲಾಗದ ಮಾತನ್ನು ಕಥೆಯ ಮರೆಯಲ್ಲಿ ಆಡುವುದು ಎಲ್ಲ ದೇಶಗಳ ಹಳೆಯ ಜಾಣತನವೆಂಬುದನ್ನು ನೆನೆದರೆ ಈ ಆಯ್ಕೆಯಲ್ಲಿ ಆಶ್ಚರ್ಯವಿಲ್ಲ. ಮನೆಯವರಿಗೆ ಇದು ಹಿಡಿಸಲಿಲ್ಲ. ನಡುವೆ ಕೆಲಕಾಲ ಇಂಗ್ಲಿಷು ಪಾಠ ಹೇಳಿ ಮರ್ಯಾದಸ್ಥನಾಗಿರಲು ಅವನು ಯತ್ನಿಸಿದ್ದೂ ಉಂಟು. ಆ ಯತ್ನ ನಿಲ್ಲಲಿಲ್ಲ.

ಆಗ ಯೋಸೆಯ ಸಾಮ್ರಾಟನಾಗಿದ್ದವನು ಸಾನ್‌ಯೂತೇ ಎಂಚೋ. ಬೇಸಗೆಯ ದೆವ್ವದ ಕಥೆಗಳಲ್ಲಿ ಅವನನ್ನು ಮೀರಿಸಿದವರಿಲ್ಲ. ಸತ್ತ ಪ್ರೇಯಸಿ ಪಿಯೋನಿ ಹೂವಿನ ಲಾಂದ್ರದ ಬೆಳಕಿನಲ್ಲಿ ರಾತ್ರಿರಾತ್ರಿಯೂ ಪ್ರಿಯನ ಮನೆಗೆ ಬರುವ ‘ಬೋತಾನ್ ದೋರೋ’ ಕಥೆಯನ್ನು ಅವನ ಬಾಯಿಂದ ಬಂದಂತೆಯೇ ಶೀಘ್ರಲಿಪಿಯಲ್ಲಿ ಬರೆದುಕೊಂಡು 1884ರಲ್ಲಿ ಅಚ್ಚುಮಾಡಿದರು. ಆಡುಮಾತು ಪುಸ್ತಕದ ಭಾಷೆಯಾಗಬಲ್ಲುದೆಂದು ಜಪಾನೀ ಕಾದಂಬರಿಕಾರರು ಕಂಡುಕೊಂಡುದು ಇಂಥ ಪುಸ್ತಕಗಳಿಂದಲೆ. ಎಂಚೋ ಕಲೆಹಾಕಿದ್ದ ಪ್ರೇತಚಿತ್ರಗಳು ಯಾನಾಕದ ಜೆನ್‌ಶೋಅನ್ ದೇವಾಲಯದಲ್ಲಿವೆ. ಪ್ರತಿವರ್ಷದ ಆಗಸ್ಟಿನಲ್ಲಿ, ಅವನು ಸತ್ತ ತಿಂಗಳಲ್ಲಿ, ಅವುಗಳನ್ನು ಜನರಿಗೆ ತೋರಿಸುತ್ತಾರೆ. ಬ್ಲಾಕನು ಈ ಎಂಚೋವಿನ ಪಂಗಡವನ್ನು ಸೇರಿದನು. 1891ರಲ್ಲಿ ಕೈರಾಕುತೇ ಎಂಬ ಹೆಸರನ್ನು ತಳೆದು ಪೂರ್ಣವಾಗಿ ಕಥೆಗಾರನಾದನು.

ಎಂಚೋವಿನ ದೆವ್ವಗಳ ಎದುರಿಗೆ ಬ್ಲಾಕನು ತಂದದ್ದು ವಿಲಾಯಿತಿಯ ಅಪರಾಧಗಳನ್ನು. ಮೇರಿ ಬ್ರಾಡನಳ ಕಥೆಯೊಂದನ್ನು ಅವನು ಜಪಾನಿಗೆ ಒಗ್ಗಿಸಿ ಹೇಳಿದ್ದು 1886ರಲ್ಲಿಯೇ ‘ಗೋರಿಯ ಮೇಲಣ ಇಬ್ಬನಿ’ ಎಂಬ ಅರ್ಥದ ಹೆಸರಿನಿಂದ ಪುಸ್ತಕವಾಯಿತು. ಡಿಕನ್ಸನ ಆಲಿವರ್ ಟ್ವಿಸ್ಟನು 1896ರಲ್ಲಿ ‘ಮಿನಾಶಿಗೊ’, ಎಂದರೆ ‘ತಬ್ಬಲಿ’, ಆದನು. ಕಥೆ ನಡೆಯುವುದು ಲಂಡನ್ನಿನಲ್ಲಿ. ಪಾತ್ರಗಳ ಹೆಸರುಗಳು ಮಾತ್ರ ಕೇಳುವವರ ನಾಲಗೆಗೆ ಒಗ್ಗುವ ಜಪಾನೀ ಹೆಸರುಗಳು. ನಡುನಡುವೆ ಕಥೆಯನ್ನು ನಿಲ್ಲಿಸಿ, ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳು ಹೇಗೆ ಬಾಳುತ್ತಾರೆ, ಅಲ್ಲಿಯ ಬಡವರ ಪಾಡೇನು, ಎಂದು ವಿವರಿಸುವನು. ಯೂರೋಪನ್ನು ಕಾಣದ ಬಡಗಿಗೂ ಗುಮಾಸ್ತನಿಗೂ ಯೂರೋಪಿನ ಪಾಠ ಈ ರೀತಿ, ಚಹ ಕುಡಿಯುತ್ತ, ಆಗುತ್ತಿತ್ತು.

ಅವನ ಕಥೆಗಳಲ್ಲೆಲ್ಲ ಹೆಸರಾದುದು ಇವಾದೆ ಬ್ಯಾಂಕಿನ ರಕ್ತದ ಕೈಗುರುತಿನ ಕಥೆ. ಬ್ಯಾಂಕಿನ ಒಡೆಯನ ಕೊಲೆಯಾಗುತ್ತದೆ. ರಕ್ತದಲ್ಲಿ ಒತ್ತಿದ ಅಂಗೈಯ ಗುರುತು ಉಳಿಯುತ್ತದೆ. ಆ ಗುರುತೇ ಸತ್ಯವನ್ನು ಹೊರಗೆಡಹುತ್ತದೆ. ‘ತೆಗಾತಾ’ ಎಂಬ ಜಪಾನೀ ಶಬ್ದಕ್ಕೆ ಕೈಗುರುತೆಂದೂ ಹುಂಡಿಯೆಂದೂ ಎರಡರ್ಥ. ಹಿಂದೆ ಪತ್ರಗಳಿಗೆ ಹಸ್ತವನ್ನೊತ್ತುತ್ತಿದ್ದುದರ ನೆನಪು ಆ ಶಬ್ದದಲ್ಲಿದೆ. ಬ್ಯಾಂಕಿನ ಕಥೆಗೆ ಇದಕ್ಕಿಂತ ಒಪ್ಪುವ ಶ್ಲೇಷೆ ದೊರೆಯದು. ಅದು ಆ ಭಾಷೆಯ ಒಳಗೆ ಬಾಳಿದವನಿಗಲ್ಲದೆ ತೋಚುವಂಥದೂ ಅಲ್ಲ. ಟೋಕಿಯೋವಿನ ತ್ಸುಕಿಜಿಯಲ್ಲಿ ವೈದ್ಯನಾಗಿದ್ದ ಹೆನ್ರಿ ಫೋಲ್ಡ್ಸನು ಬೆರಳ ಗುರುತಿನಿಂದ ಅಪರಾಧಿಗಳನ್ನು ಹಿಡಿಯಬಹುದೆಂದು ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು 1880ರಲ್ಲಿ. ಲಂಡನ್ನಿನ ಪೊಲೀಸರು ಅದಕ್ಕಾಗಿ ಕಚೇರಿ ತೆರೆದದ್ದು 1901ರಲ್ಲಿ. ಕಾನನ್ ಡಾಯ್ಲನ ಷೆರ್ಲಾಕ್ ಹೋಮ್ಸನಿಗೆ ಗೋಡೆಯ ಮೇಲಣ ಹೆಬ್ಬೆರಳ ರಕ್ತದ ಗುರುತು ಕಾಣಿಸಿದ್ದು 1903ರಲ್ಲಿ. ಬ್ಲಾಕನ ಕಥೆ ಪುಸ್ತಕವಾದದ್ದು ಅದಕ್ಕೆ ಹತ್ತು ವರ್ಷಕ್ಕೂ ಮುಂಚೆ.

ಇಷ್ಟಾದರೂ ಜನ ಬರುತ್ತಿದ್ದುದು ಕಥೆ ಕೇಳಲೋ, ಜಪಾನೀ ಮಾತಾಡುವ ಬಿಳಿಯನನ್ನು ನೋಡಲೋ, ಎಂಬ ಪ್ರಶ್ನೆ ಅವನ ಜೀವನದುದ್ದಕ್ಕೂ ನೆರಳಿನಂತೆ ಹಿಂಬಾಲಿಸಿತು. ಕಬುಕಿ ನಾಟಕದ ವೇಷ ಹಾಕಿ ಬಾನ್‌ಜುಯಿನ್ ಚೋಬೇ ಎಂಬ ಪೌರವೀರನ ಪಾತ್ರವನ್ನೂ ಅವನು ಅಭಿನಯಿಸಿದನು. ಅದನ್ನು ಕಂಡವರ ಕುತೂಹಲದಲ್ಲಿ ಕಲಾಭಿಮಾನವೆಷ್ಟು, ಜಾತ್ರೆಯಲ್ಲಿ ವಿಚಿತ್ರವನ್ನು ನೋಡುವ ಚಪಲವೆಷ್ಟು ಎಂದು ಅಳೆಯುವುದು ಕಷ್ಟ. ಕಾನೂನಿನ ತೊಡಕು ಬೇರೆ. ಆಗಿನ ಒಪ್ಪಂದಗಳ ಮೇರೆಗೆ ಪರದೇಶಿಯರು ಬಂದರುಗಳ ಎಲ್ಲೆಯೊಳಗೆ ಇರಬೇಕು. ಒಳನಾಡಿಗೆ ಹೋಗಲು ರಹದಾರಿ ಬೇಕು. ಊರೂರು ತಿರುಗಿ ಕಥೆಹೇಳಬೇಕಾದವನಿಗೆ ಇದು ಕಾಲಿಗೆ ಕಟ್ಟಿದ ಗುಂಡು. 1893ರಲ್ಲಿ ಅವನು ಇಶಿಯಿ ಎಂಬ ಮನೆತನಕ್ಕೆ ಮನೆಯಳಿಯನಾಗಿ ಸೇರಿ, ಬ್ರಿಟಿಷ್ ಪ್ರಜೆಯ ಹಕ್ಕುಗಳನ್ನು ಬಿಟ್ಟು, ಇಶಿಯಿ ಬ್ಲಾಕ್ ಎಂಬ ಹೆಸರಿನ ಜಪಾನೀ ಪ್ರಜೆಯಾದನು. ಆ ಸಂಸಾರ ಬಹುಕಾಲ ನಡೆಯಲಿಲ್ಲ. ಪೌರತ್ವ ಉಳಿಯಿತು.

ಇದಕ್ಕೆ ಮೂರು ವರ್ಷದ ಬಳಿಕ ಲಾಫ್ಕಾಡಿಯೋ ಹರ್ನನೂ ಹೀಗೆಯೇ ಜಪಾನೀಯನಾದನು. ಜಗತ್ತು ಹರ್ನನನ್ನು ಕೊಂಡಾಡಿತು. ಅವನು ಜಪಾನಿನ ದೆವ್ವಗಳನ್ನು ಇಂಗ್ಲಿಷಿನಲ್ಲಿ ಬರೆದು ಇಂಗ್ಲಿಷು ಬಲ್ಲವರಿಗೆ ಕೊಟ್ಟನಷ್ಟೆ. ಬ್ಲಾಕನು ಮಾಡಿದ್ದು ಅದರ ವಿಲೋಮ. ಇಂಗ್ಲಿಷಿನ ಕಥೆಗಳನ್ನು ಜಪಾನೀ ಬಾಯಲ್ಲಿ ಜಪಾನೀ ಕಿವಿಗೆ ಒಪ್ಪಿಸಿದನು. ಅದನ್ನು ಮೆಚ್ಚಬೇಕಾದವರು ಲಂಡನ್ನಿನ ವಿಮರ್ಶಕರಲ್ಲ, ರಾತ್ರಿ ದುಡಿಮೆ ಮುಗಿಸಿ ಬಂದು ಕುಳಿತ ಅಂಗಡಿಯವರು. ಎರಡನೆಯ ಕೆಲಸ ಮೊದಲನೆಯದಕ್ಕಿಂತ ಸುಲಭವೆಂದು ಯಾರೂ ಹೇಳಲಾರರು. ಯೊಕೊಹಾಮಾದ ಪರಂಗಿ ದೊಡ್ಡಮನುಷ್ಯರಿಗಂತೂ, ತಮ್ಮವನೊಬ್ಬನು ಚಿಲ್ಲರೆ ಕಾಸಿಗೆ ಚಾಪೆಯ ಮೇಲೆ ಕುಳಿತು ಜನರನ್ನು ನಗಿಸುವುದು ಮಾನಹಾನಿಯಾಗಿಯೇ ತೋರಿತು.

ಶತಮಾನ ತಿರುಗುವ ಹೊತ್ತಿಗೆ ರಭಸ ಇಳಿಯಿತು. ಪರದೇಶದ ವಿಚಾರಗಳನ್ನು ಜನ ವೃತ್ತಪತ್ರಗಳಲ್ಲಿ ತಾವೇ ಓದತೊಡಗಿದ್ದರು. ಎಂಚೋ 1900ರ ಆಗಸ್ಟಿನಲ್ಲಿ ಗತಿಸಿದನು. ಬ್ಲಾಕನು ಸಮ್ಮೋಹನವಿದ್ಯೆ, ಕಣ್ಕಟ್ಟುಗಳಿಗೂ ಕೈಹಾಕಿದನು. ಆ ಇಳಿಗಾಲದಲ್ಲಿಯೇ ಅವನಿಂದ ನಡೆದ ಒಂದು ಕೆಲಸ ಮಾತ್ರ ಅವನ ಎಲ್ಲ ಕಥೆಗಳಿಗಿಂತ ಗಟ್ಟಿಯಾಗಿ ಉಳಿದಿದೆ.

ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗನು 1902ರ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡನ್ನು ಧ್ವನಿಮುದ್ರಿಸಿದ ಸಂಗತಿ ಸಂಗೀತಪ್ರಿಯರಿಗೆ ತಿಳಿದದ್ದೇ. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದ ಗೌಹರ್ ಜಾನಳು ಇವಳೇ. ಗೈಸ್‌ಬರ್ಗನು ಅದೇ ಯಂತ್ರಸಾಮಗ್ರಿಯೊಡನೆ ಮುಂದಕ್ಕೆ ಹಡಗು ಹತ್ತಿ ಟೋಕಿಯೋವನ್ನು ಸೇರಿದನು. ಭಾಷೆ ತಿಳಿಯದು, ಕಲಾವಿದರ ಪರಿಚಯವಿಲ್ಲ. ಅವನಿಗೆ ದಾರಿತೋರಿದವನು ಬ್ಲಾಕ್. ಯಾರ ಹಾಡು, ಯಾವ ವಾದ್ಯ, ಯಾವ ಕಥೆ ಎಂದು ಆರಿಸಿ, ಕಲಾವಿದರನ್ನು ಒಪ್ಪಿಸಿ, ಕೊಳವೆಯ ಮುಂದೆ ತಂದು ಕುಳ್ಳಿರಿಸಿದನು. 1903ರ ಫೆಬ್ರವರಿಯಲ್ಲಿ ಸುಮಾರು 270 ಮುದ್ರಣಗಳಾದವು. ಕಿಮೋನೊ ಎತ್ತಿಕಟ್ಟಿ ಕುಣಿಯುವ ‘ಸುತೆತೆಕೊ’ ನೃತ್ಯದಿಂದ ಊರನ್ನೇ ನಗಿಸಿದ್ದ ಎನ್‌ಯೂ ಸಹ ಅವರಲ್ಲಿದ್ದನು. ಪ್ಲೇಟುಗಳು ಜರ್ಮನಿಯ ಹಾನೋವರಿನಲ್ಲಿ ತಯಾರಾಗಿ ಜಪಾನಿಗೆ ಮರಳಿದವು. ಎಂಚೋ ಇನ್ನು ಮೂರು ವರ್ಷ ಬದುಕಿದ್ದರೆ ಅವನ ಕಂಠವೂ ಉಳಿಯುತ್ತಿತ್ತು. ಆ ನಷ್ಟಕ್ಕೆ ಪರಿಹಾರವಿಲ್ಲ.

ಬ್ಲಾಕನ ಸ್ವಂತ ಕಂಠವೂ ಆ ಮುದ್ರಣಗಳಲ್ಲಿದೆ. ಅವನ ಜೀವನವನ್ನು ಕಾಡಿದ ಪ್ರಶ್ನೆಗೆ ಉತ್ತರವೇನಾದರೂ ಇದ್ದರೆ ಅದು ಅಲ್ಲಿಯೇ. ಪ್ಲೇಟಿನಲ್ಲಿ ಮುಖವಿಲ್ಲ, ಬಿಳಿಯ ಚರ್ಮವಿಲ್ಲ, ಬರಿಯ ಮಾತಿದೆ. ಆ ಮಾತು ಹಳೆಯ ಟೋಕಿಯೋ ಕಥೆಗಾರನ ಮಾತು.

ಬಾಳು ಮಾತ್ರ ಹಸನಾಗಲಿಲ್ಲ. 1908ರಲ್ಲಿ, ಪಶ್ಚಿಮದ ಊರುಗಳಲ್ಲಿ ಕಥೆಹೇಳುತ್ತ ತಿರುಗುತ್ತಿದ್ದಾಗ, ಐವತ್ತನ್ನು ಮುಟ್ಟುತ್ತಿದ್ದ ಬ್ಲಾಕನು ಪಾಷಾಣ ತಿಂದು ಪ್ರಾಣ ಬಿಡಲು ಯತ್ನಿಸಿದನು. ಉಳಿಸಿದರು. ಆಮೇಲಿನ ದಿನಗಳು ದತ್ತುಮಗನ ಆಶ್ರಯದಲ್ಲಿ, ಹೆಚ್ಚು ಸುದ್ದಿಯಿಲ್ಲದೆ ಕಳೆದವು. 1923ರ ಸೆಪ್ಟೆಂಬರ್ 1ರ ಮಧ್ಯಾಹ್ನ ಟೋಕಿಯೋ ಯೊಕೊಹಾಮಾಗಳನ್ನು ಭೂಕಂಪವೂ ಬೆಂಕಿಯೂ ನುಂಗಿದವು. ಒಂದು ಲಕ್ಷಕ್ಕೂ ಮಿಕ್ಕು ಜನ ಸತ್ತರು. ಅವನು ಮಾತಾಡಿದ ನಗರವೇ ಬೂದಿಯಾಯಿತು. ಭೂಕಂಪದಿಂದ ಪಾರಾದ ಬ್ಲಾಕನು ಅದೇ ತಿಂಗಳು 19ರಂದು ತೀರಿಕೊಂಡನು. ಮೂವತ್ತು ವರ್ಷ ಜಪಾನೀ ಪ್ರಜೆಯಾಗಿದ್ದವನ ಸಮಾಧಿ ಯೊಕೊಹಾಮಾದ ಪರದೇಶಿಯರ ಸ್ಮಶಾನದಲ್ಲಿ, ತಂದೆಯ ಬಳಿ ಇದೆ.

ಅವನ ದೊಡ್ಡ ಕಥೆಗಳನ್ನು ಈಗ ಹೇಳುವವರು ವಿರಳ. ಆದರೆ ಇಂದಿಗೂ ಯೋಸೆಗಳಲ್ಲಿ ಕೇಳಿಬರುವ ‘ತಾಮೆಶಿಜಾಕೆ’ ಎಂಬ ಹಾಸ್ಯಕಥೆಗೆ, ಬಿಯರು ಕುಡಿಯುವ ಪಂತದ ಬಗ್ಗೆ ಬ್ಲಾಕನು ಹೇಳುತ್ತಿದ್ದ ಪುಟ್ಟ ಕಥೆಯೇ ಮೂಲವೆಂದು ಬಲ್ಲವರು ಹೇಳುತ್ತಾರೆ. ಇಬ್ಬರು ಶ್ರೀಮಂತರು ಪಂತ ಕಟ್ಟುತ್ತಾರೆ: ಒಬ್ಬನ ಆಳು ಒಂದೇ ಕೂತಿಗೆ ಐದು ಶೋ, ಎಂದರೆ ಸುಮಾರು 9 ಲೀಟರು, ಮದ್ಯವನ್ನು ಕುಡಿಯಬಲ್ಲನೆ? ಆಳು ಸ್ವಲ್ಪ ಯೋಚಿಸಬೇಕೆಂದು ಹೊರಗೆ ಹೋಗಿ, ಕೊಂಚ ಹೊತ್ತಿನ ಮೇಲೆ ಬಂದು, ಬಟ್ಟಲ ಮೇಲೆ ಬಟ್ಟಲು ಬರಿದುಮಾಡಿ ಐದು ಶೋ ಮುಗಿಸಿಬಿಡುತ್ತಾನೆ. ಸೋತವನು ಬೆರಗಾಗಿ, ಹೊರಗೆ ಹೋಗಿ ಯಾವ ಮಂತ್ರ ಕಲಿತು ಬಂದೆಯಯ್ಯಾ, ಎಂದು ಕೇಳುತ್ತಾನೆ. ಮಂತ್ರವೇನೂ ಇಲ್ಲ ಸ್ವಾಮಿ, ಎನ್ನುತ್ತಾನೆ ಆಳು. ಐದು ಶೋ ಕುಡಿದು ಅಭ್ಯಾಸವಿರಲಿಲ್ಲ, ಆದೀತೋ ಇಲ್ಲವೋ ಎಂದು ಬೀದಿಯಾಚೆಯ ಅಂಗಡಿಗೆ ಹೋಗಿ ಮೊದಲು ಐದು ಶೋ ಕುಡಿದು ನೋಡಿ ಬಂದೆ.