ಮೂರು ಸಿಲಿಂಡರಿನ ಬಂಡಿ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ನಾನು ಚಿಕ್ಕವಳಿದ್ದಾಗ ಬಸ್ಸಿನಲ್ಲೋ ಎತ್ತಿನ ಗಾಡಿಯಲ್ಲೋ ಹೋಗುವವರೇ ಹೆಚ್ಚು. ಯಾರಾದರೂ ಬಾಡಿಗೆ ಅಂಬಾಸಿಡರ್ ಮಾಡಿಕೊಂಡರೆ ಅದು ಬೀದಿಗೆಲ್ಲ ಸುದ್ದಿ. ಗಂಗೆಯ ಕೊಳದೆದುರು ಹರಕೆ ಹೊರುವವರಲ್ಲಿ ಹೆಂಗಸರು ಬಹಳ. ಸ್ಟೀರಿಂಗ್ ಹಿಡಿದವರು ಮಾತ್ರ ಗಂಡಸರು. ಇದು ಬದಲಾಗುವುದಕ್ಕೆ ಒಂದು ಪುಟ್ಟ ಎಂಜಿನ್ನೂ ಕಾರಣವೆಂದರೆ ನೀವು ನಗಬಾರದು.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಅದನ್ನು ಕೊಂಡವರಿಗೆ ಕೊಟ್ಟರು. ಎಂಜಿನ್ ಜಪಾನಿನ ಸುಜುಕಿಯದು. ಆಗಿನ ಅಂಬಾಸಿಡರಿನದು 1489 ಸಿ.ಸಿ., ಪದ್ಮಿನಿಯದು 1089. ಇದರದು ಬರೀ 796. ನಾಲ್ಕರ ಬದಲು ಮೂರೇ ಸಿಲಿಂಡರ್. ಒಂದೊಂದರ ಒಳವ್ಯಾಸ 68.5 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 72 ಮಿ.ಮೀ. ಶಾಲೆಯಲ್ಲಿ ಘನಫಲ ಕಲಿಸುವಾಗ ಮಕ್ಕಳಿಗೆ ಇದೇ ಲೆಕ್ಕ ಕೊಡುತ್ತಿದ್ದೆ. ಮೂರರಿಂದ ಗುಣಿಸಿದಾಗ 796 ಬಂದರೆ ಅವರ ಕಣ್ಣು ಅರಳುತ್ತಿತ್ತು.

ಹಗುರವಾದ ಬಂಡಿ, ಸೀರೆ ಉಟ್ಟವಳೂ ಸಲೀಸಾಗಿ ಓಡಿಸಬಹುದು. 1998ರಲ್ಲಿ ನಾವೂ ಹಳೆಯದೊಂದನ್ನು ಕೊಂಡೆವು. ಓಡಿಸುವುದನ್ನು ಹೇಳಿಕೊಡಲು ಎಲ್ಲರೂ ಸಿದ್ಧ, ಬಾನೆಟ್ ಒಳಗಿನದನ್ನು ಹೇಳಲು ಯಾರೂ ಇಲ್ಲ. "ನಿಮಗ್ಯಾಕೆ ಟೀಚರಮ್ಮ ಇದೆಲ್ಲ?" ಎಂದ ಗ್ಯಾರೇಜಿನವನು. ಬಿಡದೆ ಪಕ್ಕದಲ್ಲಿ ನಿಂತು ಕೇಳಿ ಕಲಿತೆ.

ಚಳಿಯ ಬೆಳಿಗ್ಗೆ ಚೋಕ್ ಎಳೆಯಬೇಕು. ಅತಿಯಾದರೆ ಪ್ಲಗ್ಗು ಪೆಟ್ರೋಲಿನಲ್ಲಿ ನೆನೆದು ಎಂಜಿನ್ ಹೊತ್ತಿಕೊಳ್ಳದು. ಕಾರ್ಬ್ಯುರೇಟರಿನಲ್ಲಿ ಕಸ ಸಿಕ್ಕರೆ ಬಂಡಿ ಜಗ್ಗುತ್ತದೆ. ಟೈಮಿಂಗ್ ಬೆಲ್ಟ್ ರಬ್ಬರಿನದು, ಹೇಳದೆ ಕೇಳದೆ ತುಂಡಾಗುತ್ತದೆ, ಮೊದಲೇ ಬದಲಿಸಬೇಕು. ಎಲ್ಲಕ್ಕಿಂತ ದೊಡ್ಡ ವೈರಿ ಬಿಸಿ. ರೇಡಿಯೇಟರಿನಲ್ಲಿ ನೀರಿಲ್ಲದಿದ್ದರೆ ಅಥವಾ ಫ್ಯಾನ್ ತಿರುಗದಿದ್ದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಆಯಿಲಿಗೆ ನೀರು ಸೇರಿ ಹಾಲು ಬೆರೆಸಿದ ಚಹಾದಂತಾಗುತ್ತದೆ.

ಒಂದು ಬೇಸಿಗೆಯಲ್ಲಿ ಹಾಲುರಾಮೇಶ್ವರದ ದಾರಿಯಲ್ಲಿ ಬಿಸಿಯ ಮುಳ್ಳು ಏರತೊಡಗಿತು. "ಇನ್ನೇನು ಬಂತಲ್ಲ ಅತ್ತಿಗೆ, ಹೋಗಿಬಿಡೋಣ" ಎಂದಳು ನಾದಿನಿ. ನಾನು ಹುಣಸೆಮರದ ನೆರಳಿಗೆ ಬಂಡಿ ನಿಲ್ಲಿಸಿದೆ. ನೋಡಿದರೆ ಫ್ಯಾನಿನ ಫ್ಯೂಸ್ ಸುಟ್ಟಿತ್ತು. ದಾರಿಹೋಕರೊಬ್ಬರು ಸ್ಕೂಟರ್ ನಿಲ್ಲಿಸಿ, "ಯಜಮಾನರೆಲ್ಲಿ?" ಎಂದು ಕೇಳಿದರು. "ಮನೆಯಲ್ಲಿದ್ದಾರೆ" ಎಂದು ಫ್ಯೂಸ್ ಬದಲಿಸಿದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ರೇಡಿಯೇಟರಿನ ಮುಚ್ಚಳ ತೆಗೆದು ನೀರು ನೋಡಿದೆ. ಬಿಸಿಯಿರುವಾಗ ತೆರೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಅಂದು ಕೊಳದೆದುರು ಕುಳಿತಾಗ ನನಗೆ ಬೇಡಿಕೊಳ್ಳಲು ಏನೂ ತೋಚಲಿಲ್ಲ.

ಮುಂದೆ ಕಾರ್ಬ್ಯುರೇಟರಿನ ಜಾಗಕ್ಕೆ ಇಂಧನ ಚಿಮ್ಮಿಸುವ ಇಂಜೆಕ್ಷನ್ ಬಂತು, ಚೋಕ್ ಮಾಯವಾಯಿತು. 2014ರ ಜನವರಿಯಲ್ಲಿ ಮಾರುತಿ 800ರ ತಯಾರಿಕೆಯೇ ನಿಂತಿತು. ಆದರೆ ಪೆಟ್ರೋಲ್ ಕಾರಿನ ಎಂಜಿನ್ ಇಂದಿಗೂ ಬಿಸಿಯಾಗುತ್ತದೆ, ಆಯಿಲ್ ಇಂದಿಗೂ ಇಳಿಯುತ್ತದೆ. ಮಗಳಿಗೆ ಲೈಸೆನ್ಸ್ ಮಾಡಿಸುವ ಮೊದಲು ಒಂದು ಭಾನುವಾರ ಬಾನೆಟ್ ಎತ್ತಿ ತೋರಿಸಿ. ನಿಮಗೇ ತಿಳಿಯದಿದ್ದರೆ ಇಬ್ಬರೂ ಜೊತೆಗೆ ನಿಂತು ಕಲಿಯಿರಿ.